ಕಸೂತಿ ಕಲಿತ ಸರ್ಜನ್

ಈ ವರ್ಷದ ಪುಸ್ತಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಘದವರು ಕೇಳಿದಾಗ ನಾವು ಒಪ್ಪಿಕೊಂಡಿದ್ದು ಬೇರೆ ವಿಷಯಕ್ಕೆ. ಡೌನ್‌ಟೌನ್ ಬೆಲ್ವ್ಯೂನಲ್ಲಿ ವಿದ್ಯಾರ್ಥಿಗಳ ಕೈಗೆಟುಕುವ ಬಾಡಿಗೆ ಮನೆ ಹುಡುಕೋದು ಹೇಗೆ ಅಂತ ಬರೆಯಬೇಕಿತ್ತು. ಅದರ ಬದಲು ಫ್ರಾನ್ಸಿನ ಒಬ್ಬ ಡಾಕ್ಟರ ಕಥೆ ಕಳಿಸುತ್ತಿದ್ದೇವೆ. ಸಂಪಾದಕರು ಬೈಯಲಿಲ್ಲ, ನೀವೂ ಬೈಯಬೇಡಿ. ಯಾಕೆ ಅಂತ ಹೇಳ್ತೀವಿ.

ನಾವು ನಾಲ್ಕು ಜನ ಒಂದೇ ಮನೆಯಲ್ಲಿದ್ದೇವೆ. ಮೂವರು ಮೆಕ್ಯಾನಿಕಲ್, ಒಬ್ಬ ಸಿವಿಲ್. ಕಳೆದ ಅಕ್ಟೋಬರ್‌ನಲ್ಲಿ ನಮ್ಮಲ್ಲೊಬ್ಬನ ಚಿಕ್ಕಮ್ಮನಿಗೆ ಊರಲ್ಲಿ ಕಿಡ್ನಿ ಕಸಿ ಆಯಿತು. ಅವರು ಹುಬ್ಬಳ್ಳಿಯವರು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಸೋತುಹೋಗಿದ್ದರು. ಕಿಡ್ನಿ ಕೊಟ್ಟಿದ್ದು ಅವರ ಅಕ್ಕ, ಅಂದರೆ ನಮ್ಮ ಗೆಳೆಯನ ಅಮ್ಮ. ಇಬ್ಬರು ಅಮ್ಮಂದಿರು ಒಂದೇ ದಿನ ಆಪರೇಷನ್ ಟೇಬಲ್ ಮೇಲೆ, ಮಗ ಇಲ್ಲಿ, ಕ್ವಾರ್ಟರ್ ನಡುವೆ. ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಬೆಳಗಾಗುವ ಹೊತ್ತಿಗೆ ಫೋನ್ ಬಂತು: ಹೊಸ ಕಿಡ್ನಿ ಟೇಬಲ್ ಮೇಲೇ ಮೂತ್ರ ಸುರಿಸಲು ಶುರು ಮಾಡಿದೆಯಂತೆ. ನಾವು ಚಿತ್ರಾನ್ನ ಮಾಡಿ ತಿಂದೆವು.

ನಾಲ್ಕನೇ ದಿನ ಇನ್ನೊಂದು ಫೋನ್. ಹೊಟ್ಟೆಯ ಪಕ್ಕ ಇಟ್ಟ ಡ್ರೈನ್ ಟ್ಯೂಬಿನಲ್ಲಿ ನೀರು ಜಾಸ್ತಿ ಬರ್ತಾ ಇದೆ, ಪರೀಕ್ಷೆ ಮಾಡಿದರೆ ಅದು ಮೂತ್ರ. ಕಿಡ್ನಿ ಚೆನ್ನಾಗಿದೆ, ರಕ್ತ ಚೆನ್ನಾಗಿ ಹರೀತಿದೆ, ಆದರೆ ಯೂರೆಟರ್ ಜೋಡಿಸಿದ ಜಾಗದಲ್ಲಿ ಸೋರಿಕೆ. ಮತ್ತೆ ತೆರೆದು ಸರಿಮಾಡಬೇಕು. ಇದು ಯಾರ ತಪ್ಪೂ ಅಲ್ಲ, ನೂರರಲ್ಲಿ ಕೆಲವರಿಗೆ ಹೀಗಾಗುತ್ತೆ ಅಂತ ಅಲ್ಲಿನ ಡಾಕ್ಟರು ಸಮಾಧಾನವಾಗಿ ವಿವರಿಸಿದರಂತೆ. ನಮಗೆ ಮಾತ್ರ ತಲೆ ಕೆಟ್ಟಿತು. ಇಡೀ ಕಿಡ್ನಿಯನ್ನೇ ಒಬ್ಬರಿಂದ ಇನ್ನೊಬ್ಬರಿಗೆ ಹಾಕುವವರಿಗೆ ಒಂದು ಸಣ್ಣ ಪೈಪ್ ಜೋಡಿಸೋದು ಅಷ್ಟು ಕಷ್ಟವಾ? ಪೈಪ್ ಜಾಯಿಂಟ್ ಅಂದರೆ ನಮ್ಮ ಸಬ್ಜೆಕ್ಟ್ ತಾನೇ!

ಗೊತ್ತಿಲ್ಲದವರಿಗೆ ಒಂದು ಮಾತು. ಕಿಡ್ನಿಯಿಂದ ಮೂತ್ರಕೋಶಕ್ಕೆ, ಅಂದರೆ ಬ್ಲ್ಯಾಡರ್‌ಗೆ, ಇಳಿಯುವ ನಳಿಕೆಯೇ ಯೂರೆಟರ್. ದೊಡ್ಡವರಲ್ಲಿ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ, ಪೆನ್ಸಿಲ್‌ಗಿಂತ ಸಣ್ಣ. ಅದು ಬರೀ ಪೈಪ್ ಅಲ್ಲ, ಹಾವು ಇಲಿ ನುಂಗಿದ ಹಾಗೆ ಅಲೆ ಅಲೆಯಾಗಿ ಮೂತ್ರವನ್ನು ಕೆಳಕ್ಕೆ ತಳ್ಳುತ್ತದೆ. ಇದನ್ನು ಮೊದಲು ಜೋಡಿಸಿದವರು ಯಾರು, ಯಾವ ಪ್ರಾಣಿಯಲ್ಲಿ, ಹೇಗೆ ಅಂತ ಹುಡುಕುತ್ತಾ ಬೆಲ್ವ್ಯೂ ಲೈಬ್ರರಿಯಲ್ಲಿ ಕೂತಾಗ ಮತ್ತೆ ಮತ್ತೆ ಎದುರಾದ ಹೆಸರು ಅಲೆಕ್ಸಿ ಕ್ಯಾರೆಲ್.

ಕ್ಯಾರೆಲ್ ಹುಟ್ಟಿದ್ದು 1873ರ ಜೂನ್ 28ರಂದು, ಫ್ರಾನ್ಸಿನ ಲಿಯೋನ್ ನಗರದ ಪಕ್ಕದ ಊರಿನಲ್ಲಿ. ಲಿಯೋನ್ ಅಂದರೆ ರೇಷ್ಮೆ. ನಮ್ಮ ರಾಮನಗರ, ಇಳಕಲ್ಲು ಎರಡನ್ನೂ ಸೇರಿಸಿ ಹತ್ತು ಪಟ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಅಪ್ಪ ಬಟ್ಟೆ ವ್ಯಾಪಾರಿ, ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಲೆಕ್ಸಿ ಅನ್ನೋದು ಅಪ್ಪನ ಹೆಸರು, ಅವರು ಹೋದ ಮೇಲೆ ಮಗ ಅದನ್ನೇ ಇಟ್ಟುಕೊಂಡ. ಓದಿದ್ದು ಲಿಯೋನ್‌ನಲ್ಲೇ, ವೈದ್ಯಕೀಯ.

1894ರ ಜೂನ್ 24ರಂದು ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಲಿಯೋನ್‌ಗೆ ಬಂದಿದ್ದಾಗ ಒಬ್ಬ ಅರಾಜಕತಾವಾದಿ ಅವರಿಗೆ ಚೂರಿಯಿಂದ ಇರಿದ. ಪಿತ್ತಜನಕಾಂಗಕ್ಕೆ ಹೋಗುವ ದೊಡ್ಡ ರಕ್ತನಾಳ ತುಂಡಾಗಿತ್ತು. ಊರಿನ ದೊಡ್ಡ ದೊಡ್ಡ ಸರ್ಜನ್‌ಗಳೆಲ್ಲ ಸುತ್ತ ನಿಂತಿದ್ದರೂ ಏನೂ ಮಾಡಲಾಗಲಿಲ್ಲ, ಮಧ್ಯರಾತ್ರಿ ದಾಟುತ್ತಿದ್ದಂತೆ ಅಧ್ಯಕ್ಷರು ತೀರಿಕೊಂಡರು. ಆ ಕಾಲದಲ್ಲಿ ಅಂಥ ರಕ್ತನಾಳವನ್ನು ಹೊಲಿದು ಮತ್ತೆ ರಕ್ತ ಹರಿಸುವ ವಿದ್ಯೆಯೇ ಇರಲಿಲ್ಲ. ಹೊಲಿದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು, ಇಲ್ಲವೇ ಸೋರುತ್ತಿತ್ತು. ಬಟ್ಟೆ ಹೊಲಿಯಬಹುದಾದರೆ ಇದನ್ನೂ ಹೊಲಿಯಬಹುದಿತ್ತು ಅನ್ನೋ ಯೋಚನೆ ಆಗಿನ್ನೂ ಇಪ್ಪತ್ತೊಂದರ ಕ್ಯಾರೆಲ್‌ರನ್ನು ಹಿಡಿದುಕೊಂಡಿತು.

ಅವರು ಹೋಗಿದ್ದು ಯಾವ ಪ್ರೊಫೆಸರ್ ಹತ್ತಿರವೂ ಅಲ್ಲ. ಲಿಯೋನ್‌ನ ಹೆಸರಾಂತ ಕಸೂತಿಗಾತಿ ಮದಾಮ್ ಲೆರೂದಿಯೆ ಹತ್ತಿರ. ತೀರಾ ಸಣ್ಣ ಸೂಜಿ, ತೀರಾ ಸಣ್ಣ ರೇಷ್ಮೆ ದಾರ ಹಿಡಿಯೋದನ್ನು ಆಕೆಯಿಂದ ಕಲಿತರು. ಇದನ್ನು ಓದಿದಾಗ ನಮ್ಮ ಗೆಳೆಯ ಎದ್ದು ನಿಂತುಬಿಟ್ಟ. ಯಾಕಂದರೆ ಅವನ ಅಮ್ಮ ಧಾರವಾಡದ ಕಸೂತಿ ಹಾಕುವವರು. ಗವಂತಿ, ಮುರಗಿ, ನೇಯ್ಗಿ, ಮೆಂತೆ, ನಾಲ್ಕೂ ಬರುತ್ತೆ. ಕಸೂತಿಯಲ್ಲಿ ಎಳೆ ಎಣಿಸಿ ಹಾಕಬೇಕು, ಗಂಟು ಕಾಣಬಾರದು. ಗವಂತಿ, ಮುರಗಿಯಲ್ಲಂತೂ ಸೀರೆಯ ಒಳಗೂ ಹೊರಗೂ ಒಂದೇ ಥರ ಇರಬೇಕು. ಕ್ಯಾರೆಲ್‌ಗೆ ಬೇಕಾಗಿದ್ದೂ ಹೆಚ್ಚುಕಡಿಮೆ ಅದೇ: ರಕ್ತನಾಳದ ಒಳಮೈ ನುಣುಪಾಗಿರಬೇಕು, ದಾರ ರಕ್ತಕ್ಕೆ ತಾಗಿ ಹೆಪ್ಪು ಕಟ್ಟಬಾರದು. ದಾರಕ್ಕೂ ಸೂಜಿಗೂ ವ್ಯಾಸಲೀನ್ ಸವರಿ ಹೊಲಿದರು.

ಅವರ ಮುಖ್ಯ ಉಪಾಯ ಇನ್ನೂ ಸರಳ. ಕತ್ತರಿಸಿದ ರಕ್ತನಾಳದ ಬಾಯಿ ದುಂಡಗೆ ಇರುತ್ತದೆ, ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಒಂದು ಕಡೆ ಹೊಲಿಯಲು ಹೋದರೆ ಸೂಜಿ ಎದುರು ಗೋಡೆಗೂ ಸಿಕ್ಕಿಕೊಳ್ಳುತ್ತೆ. ಕ್ಯಾರೆಲ್ ಎರಡು ತುದಿಗಳನ್ನು ಎದುರುಬದುರು ಇಟ್ಟು, ಸಮಾನ ಅಂತರದಲ್ಲಿ ಮೂರು ದಾರ ಹಾಕಿ ಹೊರಕ್ಕೆ ಎಳೆದು ಹಿಡಿಸಿದರು. ದುಂಡು ಬಾಯಿ ತ್ರಿಕೋನ ಆಯಿತು. ಆಮೇಲೆ ಮೂರು ನೇರ ಅಂಚು, ಲಂಗದ ಅಂಚು ಹೊಲಿದ ಹಾಗೆ ಒಂದೊಂದಾಗಿ ಹೊಲಿದರೆ ಮುಗೀತು. 1902ರಲ್ಲಿ ಲಿಯೋನ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು ಅನ್ನಿಸಿತು. ಹೊಳೆದಿರಲಿಲ್ಲ, ಬಿಡಿ.

ಆದರೆ ಲಿಯೋನ್‌ನಲ್ಲಿ ಅವರಿಗೆ ಸರ್ಜನ್ ಹುದ್ದೆ ಸಿಗಲಿಲ್ಲ. ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ. ಅದರ ಮೇಲೆ, ಅದೇ 1902ರಲ್ಲಿ ಲೂರ್ದ್ ಯಾತ್ರೆಗೆ ಹೋಗಿ, ಸಾಯುವ ಸ್ಥಿತಿಯಲ್ಲಿದ್ದ ಹುಡುಗಿಯೊಬ್ಬಳು ಅಲ್ಲಿ ಚೇತರಿಸಿಕೊಂಡಿದ್ದನ್ನು ಕಣ್ಣಾರೆ ಕಂಡೆ ಅಂದದ್ದು ಅವರಿಗೆ ಮುಳುವಾಯಿತು. ಸಹೋದ್ಯೋಗಿಗಳು ನಕ್ಕರು, ಭಕ್ತರಿಗೂ ಅವರ ಅನುಮಾನದ ಧಾಟಿ ಹಿಡಿಸಲಿಲ್ಲ. 1904ರಲ್ಲಿ ಊರು ಬಿಟ್ಟು ಕೆನಡಾಕ್ಕೆ ಹಡಗು ಹತ್ತಿದರು. ಅಲ್ಲಿಂದ ಶಿಕಾಗೊ. ಊರಲ್ಲಿ ಸೀಟು ಸಿಗದೆ ವಿಮಾನ ಹತ್ತಿದವರು ನಮ್ಮಲ್ಲೂ ಇದ್ದೇವೆ, ಆದ್ದರಿಂದ ಈ ಭಾಗ ಬೇಗ ಅರ್ಥವಾಯಿತು.

ಶಿಕಾಗೊ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಚಾರ್ಲ್ಸ್ ಗತ್ರಿ ಅನ್ನೋ ಅಮೆರಿಕನ್ ಶರೀರಕ್ರಿಯಾ ವಿಜ್ಞಾನಿ ಜೊತೆಗೂಡಿದರು. ಇಬ್ಬರೂ ಸೇರಿ ಎರಡು ವರ್ಷದೊಳಗೆ ಇಪ್ಪತ್ತಕ್ಕೂ ಹೆಚ್ಚು ಪೇಪರ್ ಬರೆದರು. ನಾಯಿ, ಬೆಕ್ಕುಗಳಲ್ಲಿ ರಕ್ತನಾಳ, ಕಿಡ್ನಿ, ಥೈರಾಯ್ಡ್ ಎಲ್ಲವನ್ನೂ ಕತ್ತರಿಸಿ ಜೋಡಿಸಿದರು. ನಮ್ಮ ಯೂರೆಟರ್ ಕಥೆ ನಿಜವಾಗಿ ಶುರುವಾಗೋದು ಇಲ್ಲಿ.

ಸಮಸ್ಯೆ ಏನು ಅಂದರೆ, ಕಿಡ್ನಿಗೆ ಮೂರು ಕನೆಕ್ಷನ್ ಬೇಕು. ರಕ್ತ ಒಳಗೆ, ರಕ್ತ ಹೊರಗೆ, ಮೂತ್ರ ಹೊರಗೆ. ಮೊದಲ ಎರಡನ್ನು ಕ್ಯಾರೆಲ್ ಬಗೆಹರಿಸಿದ್ದರು. ಮೂರನೆಯದನ್ನು ಎಲ್ಲಿಗೆ ಬಿಡೋದು? 1902ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಎಮೆರಿಖ್ ಉಲ್ಮನ್ ಒಂದು ನಾಯಿಯ ಕಿಡ್ನಿಯನ್ನು ಅದರ ಕತ್ತಿಗೇ ಜೋಡಿಸಿ, ಯೂರೆಟರ್ ತುದಿಯನ್ನು ಚರ್ಮದಿಂದ ಹೊರಗೆ ಬಿಟ್ಟಿದ್ದರು. ಕತ್ತಿನಿಂದ ಮೂತ್ರ ತೊಟ್ಟಿಕ್ಕುವ ನಾಯಿಯನ್ನು ಅಲ್ಲಿನ ವೈದ್ಯರ ಸಭೆಯಲ್ಲಿ ತೋರಿಸಿದರಂತೆ. ಕಿಡ್ನಿ ಕೆಲಸ ಮಾಡುತ್ತೆ ಅಂತ ತೋರಿಸಲು ಅದು ಸಾಕು. ಬದುಕಲು ಸಾಲದು, ಯಾಕಂದರೆ ಹೊರಗೆ ತೆರೆದ ಬಾಯಿಯಿಂದ ಸೋಂಕು ಮೇಲಕ್ಕೆ ಹತ್ತುತ್ತದೆ. 1905ರಲ್ಲಿ ಕ್ಯಾರೆಲ್ ಮತ್ತು ಗತ್ರಿ ಇನ್ನೂ ವಿಚಿತ್ರವಾದದ್ದು ಮಾಡಿದರು. ಒಂದು ನಾಯಿಯ ಕತ್ತಿನಲ್ಲಿ ಕಿಡ್ನಿ ಇಟ್ಟು ಯೂರೆಟರನ್ನು ಅನ್ನನಾಳಕ್ಕೆ ಹೊಲಿದರು! ಅಂದರೆ ಮೂತ್ರ ಹೊಟ್ಟೆಗೇ ಹೋಗಬೇಕು. ಹೇಗಾದರೂ ಸರಿ, ಚರ್ಮದ ಹೊರಗೆ ಬಾಯಿ ತೆರೆಯೋದು ಬೇಡ ಅನ್ನೋ ಲೆಕ್ಕಾಚಾರ ಇರಬೇಕು.

ಮುಂದಿನ ಹೆಜ್ಜೆ ನಮಗೆ ಬಹಳ ಇಷ್ಟವಾದದ್ದು. ಸಣ್ಣ ಬಾಯಿಯನ್ನು ಹೊಲಿಯೋದು ಕಷ್ಟ ಅಂದರೆ ಸಣ್ಣ ಬಾಯಿಯನ್ನು ಹೊಲಿಯಲೇಬೇಡಿ. ಬೆಕ್ಕಿನ ಎರಡೂ ಕಿಡ್ನಿಗಳನ್ನು ಒಟ್ಟಿಗೇ ತೆಗೆದರು. ಜೊತೆಗೆ ಮಹಾಪಧಮನಿಯ ಒಂದು ತುಂಡು, ದೊಡ್ಡ ಅಭಿಧಮನಿಯ ಒಂದು ತುಂಡು. ಕೆಳಗೆ ಎರಡು ಯೂರೆಟರ್‌ಗಳನ್ನು ಕತ್ತರಿಸದೆ, ಅವು ಮೂತ್ರಕೋಶಕ್ಕೆ ಸೇರುವ ಜಾಗದ ಗೋಡೆಯನ್ನೇ ಒಂದು ತೇಪೆಯ ಹಾಗೆ ಕತ್ತರಿಸಿ ತೆಗೆದರು. ಇಡೀ ಗೊಂಚಲನ್ನು ಇನ್ನೊಂದು ಬೆಕ್ಕಿಗೆ ಕೂರಿಸಿ, ಆ ತೇಪೆಯನ್ನು ಅದರ ಮೂತ್ರಕೋಶಕ್ಕೆ ಹೊಲಿದರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಪೈಪನ್ನು ಫ್ಲ್ಯಾಂಜ್ ಸಮೇತ ಬಿಚ್ಚಿ ತಂದರು. ಜಾಯಿಂಟ್ ಇರೋದು ಅಗಲವಾದ ಅಂಚಿನಲ್ಲಿ, ಸಣ್ಣ ಬಾಯಿಯಲ್ಲಲ್ಲ. ಪೈಪಿನ ತುದಿ ಹುಟ್ಟಿದಾಗ ಹೇಗಿತ್ತೋ ಹಾಗೇ ಇರುತ್ತೆ, ಮೂತ್ರ ಹಿಂದಕ್ಕೆ ಬರದಂತೆ ತಡೆಯುವ ಅದರ ಸಹಜ ಕವಾಟವೂ ಉಳಿಯುತ್ತೆ. ಕೆಲವು ಬೆಕ್ಕುಗಳು ಕೆಲವು ವಾರ ಬದುಕಿ, ಓಡಾಡಿಕೊಂಡು, ಮೂತ್ರ ಮಾಡಿದವು. ಆಮೇಲೆ ಸತ್ತವು.

ರಕ್ತನಾಳದಲ್ಲೂ ಇದೇ ಉಪಾಯ. ಕಿಡ್ನಿಗೆ ಹೋಗುವ ಸಣ್ಣ ಧಮನಿಯ ಬಾಯಿಯ ಸುತ್ತ ಮಹಾಪಧಮನಿಯ ಒಂದು ವೃತ್ತವನ್ನು ಸೇರಿಸಿ ಕತ್ತರಿಸಿದರೆ ಹೊಲಿಯಲು ಅಗಲ ಅಂಚು ಸಿಗುತ್ತೆ. ತೀರಿಕೊಂಡವರಿಂದ ಕಿಡ್ನಿ ಪಡೆಯುವಾಗ ಇವತ್ತಿಗೂ ಹಾಗೇ ಮಾಡುತ್ತಾರೆ, ಅದನ್ನು ಕ್ಯಾರೆಲ್ ಪ್ಯಾಚ್ ಅಂತಲೇ ಕರೆಯುತ್ತಾರೆ. ಆದರೆ ಬದುಕಿರುವ ಅಕ್ಕ ತಂಗಿಗೆ ಕಿಡ್ನಿ ಕೊಡುವಾಗ ಮೂತ್ರಕೋಶದ ತೇಪೆ ಕೊಡಲು ಬರೋದಿಲ್ಲ, ಅದು ಅವರಿಗೇ ಬೇಕು. ಅಲ್ಲಿ ಕತ್ತರಿಸಿದ ಬರಿಯ ಪೈಪ್ ತುದಿಯೇ ಗತಿ. ಹುಬ್ಬಳ್ಳಿಯ ನಮ್ಮ ಚಿಕ್ಕಮ್ಮನ ತೊಂದರೆ ಶುರುವಾಗಿದ್ದೇ ಅಲ್ಲಿ.

1906ರಲ್ಲಿ ಕ್ಯಾರೆಲ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಹೋದರು. ಅಲ್ಲಿ 1908ರಲ್ಲಿ ಒಂದು ಹೆಣ್ಣುನಾಯಿಯ ಒಂದು ಕಿಡ್ನಿಯನ್ನು ಹೊರತೆಗೆದು, ತೊಳೆದು, ಅದಕ್ಕೇ ವಾಪಸ್ ಹೊಲಿದರು. ಸ್ವಲ್ಪ ದಿನದ ಮೇಲೆ ಇನ್ನೊಂದು ಕಿಡ್ನಿಯನ್ನು ತೆಗೆದುಹಾಕಿದರು. ಹೊಲಿದ ಆ ಒಂದೇ ಕಿಡ್ನಿಯಲ್ಲಿ ನಾಯಿ ಎರಡು ವರ್ಷಕ್ಕೂ ಹೆಚ್ಚು ಬದುಕಿ ಮರಿ ಹಾಕಿತು. ಅದೇ ಕೆಲಸವನ್ನು ಬೇರೆ ನಾಯಿಯ ಕಿಡ್ನಿಯಿಂದ ಮಾಡಿದರೆ ಎಷ್ಟೇ ಚೆನ್ನಾಗಿ ಹೊಲಿದರೂ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹೊಲಿಗೆಯ ತಪ್ಪಲ್ಲ, ದೇಹವೇ ಪರಕೀಯವನ್ನು ಗುರುತು ಹಿಡಿದು ಹಾಳುಮಾಡುತ್ತಿದೆ ಅಂತ ಕ್ಯಾರೆಲ್‌ಗೆ ಸ್ಪಷ್ಟವಾಯಿತು. ಯಾಕೆ ಅಂತ ಅವರಿಗೆ ಹೇಳಲಾಗಲಿಲ್ಲ, ಆ ಕಾಲದಲ್ಲಿ ಯಾರಿಗೂ ಹೇಳಲಾಗುತ್ತಿರಲಿಲ್ಲ.

1912ರಲ್ಲಿ ನೊಬೆಲ್ ಬಂತು, ಅವರೊಬ್ಬರಿಗೇ. ಗತ್ರಿ ಹೆಸರು ಇರಲಿಲ್ಲ. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಅಲ್ಲಿಂದ ಮುಂದಿನ ಬದುಕನ್ನು ಬೇಗ ಹೇಳಿಬಿಡ್ತೀವಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಮರಳಿ, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಜೊತೆ ಗಾಯ ತೊಳೆಯುವ ಹೈಪೋಕ್ಲೋರೈಟ್ ದ್ರಾವಣದ ಪದ್ಧತಿ ರೂಪಿಸಿದರು. ಪೆನಿಸಿಲಿನ್ ಇಲ್ಲದ ಕಾಲ, ಎಷ್ಟೋ ಸೈನಿಕರ ಕೈಕಾಲು ಉಳಿದವು. ನ್ಯೂಯಾರ್ಕಿನಲ್ಲಿ ಅವರ ಆಪರೇಷನ್ ಕೋಣೆಯಲ್ಲಿ ಎಲ್ಲರೂ ಕಪ್ಪು ಗೌನ್ ಹಾಕಬೇಕಿತ್ತು, ಬೆಳಕು ಪ್ರತಿಫಲಿಸಬಾರದು ಅಂತ. 1912ರಲ್ಲಿ ಶುರು ಮಾಡಿದ ಕೋಳಿಮರಿಯ ಹೃದಯದ ಜೀವಕೋಶಗಳ ಕೃಷಿ ಅವರು ಸತ್ತ ಮೇಲೂ 1946ರವರೆಗೆ ನಡೆಯಿತು, ಜೀವಕೋಶಕ್ಕೆ ಸಾವಿಲ್ಲ ಅಂತ ಜಗತ್ತೇ ನಂಬಿತು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಅದು ತಪ್ಪು ಅಂತ ತೋರಿಸಿದರು. ದಿನಾ ಹಾಕುತ್ತಿದ್ದ ಪೋಷಕ ರಸದ ಜೊತೆ ಹೊಸ ಜೀವಕೋಶಗಳೂ ಸೇರಿಕೊಳ್ಳುತ್ತಿದ್ದವು ಅಂತ ಈಗ ಹಲವರು ಭಾವಿಸುತ್ತಾರೆ. ಅಟ್ಲಾಂಟಿಕ್ ದಾಟಿದ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್, ಹೆಂಡತಿಯ ಅಕ್ಕನ ಹೃದಯದ ಕಾಯಿಲೆಗೆ ದಾರಿ ಹುಡುಕುತ್ತಾ ಕ್ಯಾರೆಲ್ ಹತ್ತಿರ ಬಂದವರು, ಗಾಜಿನ ಪಂಪ್ ಒಂದನ್ನು ತಾವೇ ವಿನ್ಯಾಸ ಮಾಡಿದರು. 1935ರಲ್ಲಿ ಅದರೊಳಗೆ ಬೆಕ್ಕಿನ ಥೈರಾಯ್ಡ್ ಗ್ರಂಥಿಯನ್ನು ದಿನಗಟ್ಟಲೆ ಜೀವಂತ ಇಟ್ಟರು.

ಅದೇ 1935ರಲ್ಲಿ ಕ್ಯಾರೆಲ್ ಒಂದು ಪುಸ್ತಕ ಬರೆದರು. ಮನುಷ್ಯನ ಬಗ್ಗೆ, ನಾಗರಿಕತೆಯ ಬಗ್ಗೆ. ಲಕ್ಷಗಟ್ಟಲೆ ಮಾರಾಟವಾಯಿತು. ಅದರಲ್ಲಿ ದುರ್ಬಲರ ಸಂತಾನ ಹೆಚ್ಚಬಾರದು, ಶ್ರೇಷ್ಠರ ವಂಶ ಬೆಳೆಯಬೇಕು ಅನ್ನೋ ವಾದ ಇದೆ. ಘೋರ ಅಪರಾಧಿಗಳನ್ನು, ಅಪರಾಧ ಮಾಡಿದ ಕೆಲವು ಮಾನಸಿಕ ರೋಗಿಗಳನ್ನೂ, ವಿಷಾನಿಲದಿಂದ ಕೊಲ್ಲುವ ವ್ಯವಸ್ಥೆ ಮಾಡಬಹುದು ಅಂತ ಬರೆದಿದ್ದಾರೆ. ಮರುವರ್ಷದ ಜರ್ಮನ್ ಆವೃತ್ತಿಯ ಮುನ್ನುಡಿಯಲ್ಲಿ ಅಲ್ಲಿನ ಸರ್ಕಾರದ ಕ್ರಮಗಳನ್ನು ಹೊಗಳಿದರು. ಆಗ ಅಲ್ಲಿ ಇದ್ದ ಸರ್ಕಾರ ಯಾರದು ಅಂತ ಹೇಳಬೇಕಾಗಿಲ್ಲ.

ಈ ಪ್ಯಾರಾ ಬರೆಯುವಾಗ ಅವರು ಅಂತ ಬರೆಯೋದಾ, ಅವನು ಅಂತ ಬರೆಯೋದಾ ಅಂತ ನಮ್ಮಲ್ಲೇ ಜಗಳವಾಯಿತು. ರಾತ್ರಿ ಹನ್ನೊಂದರವರೆಗೂ ಹೋಯಿತು. ಇಬ್ಬರು ಏಕವಚನ ಸಾಕು ಅಂದರು. ಹೊಲಿಗೆ ಕಲಿಸಿಕೊಟ್ಟವರಿಗೆ ಬಹುವಚನ ಇರಲಿ ಅಂದದ್ದು ಚಿಕ್ಕಮ್ಮನ ಮನೆಯ ಹುಡುಗನೇ. ಅವನ ಮಾತು ಉಳಿಯಿತು. ಸಿಟ್ಟು ಎಲ್ಲರಿಗೂ ಉಳಿದಿದೆ. ವರ್ಷವಿಡೀ ಯಂತ್ರದ ಹಿಂದೆ ಬದುಕು ತಳ್ಳುವ ಕಿಡ್ನಿ ರೋಗಿಗಳನ್ನು ಅವರ ಪಟ್ಟಿ ಯಾವ ಕಡೆ ಸೇರಿಸುತ್ತಿತ್ತು ಅಂತ ಯೋಚಿಸದೆ ಇರಲು ಆಗಲಿಲ್ಲ.

ಇದು ದೂರದ ಪ್ಯಾರಿಸ್, ಬರ್ಲಿನ್ ಮಾತು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಮನೆಯಿಂದ 520 ಸೇತುವೆ ದಾಟಿದರೆ ಸಿಯಾಟಲ್. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನೋ ಡಾಕ್ಟರು, ವೇಯ್ನ್ ಕ್ವಿಂಟನ್ ಅನ್ನೋ ಎಂಜಿನಿಯರ್ ಜೊತೆ ಸೇರಿ ಕೈಯಲ್ಲಿ ಖಾಯಂ ಉಳಿಯುವ ಟೆಫ್ಲಾನ್ ಕೊಳವೆ ಮಾಡಿದರು. ಡಯಾಲಿಸಿಸ್ ಪದೇ ಪದೇ ಮಾಡಿಸಿಕೊಂಡು ವರ್ಷಗಟ್ಟಲೆ ಬದುಕಲು ಸಾಧ್ಯವಾಗಿದ್ದು ಅದರಿಂದ. ಆದರೆ ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಸಿಯಾಟಲ್‌ನಲ್ಲಿ ಏಳು ಜನರ ಅನಾಮಧೇಯ ಸಮಿತಿ ಇತ್ತು. ಮದುವೆ ಆಗಿದೆಯಾ, ಮಕ್ಕಳೆಷ್ಟು, ಆದಾಯ ಎಷ್ಟು, ಚರ್ಚಿಗೆ ಹೋಗುತ್ತಾರಾ ಅಂತೆಲ್ಲ ನೋಡುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆ ಅದನ್ನು ಬಯಲು ಮಾಡಿದ ಮೇಲೆ ದೇಶವೆಲ್ಲ ಚರ್ಚೆಯಾಯಿತು. 1972ರಲ್ಲಿ ಅಮೆರಿಕದ ಸರ್ಕಾರ ಡಯಾಲಿಸಿಸ್ ಖರ್ಚನ್ನು ಮೆಡಿಕೇರ್‌ಗೆ ಸೇರಿಸಿತು. ಸಮಿತಿಯವರು ಕೆಟ್ಟವರಲ್ಲ, ಕೊಳವೆ ಮಾಡಿದವರಂತೂ ಅಲ್ಲವೇ ಅಲ್ಲ. ನಾವು ದಿನಾ ಬಸ್ಸಿನಲ್ಲಿ ದಾಟುವ ಸರೋವರದ ಆಚೆ ದಡದಲ್ಲೇ ಇದು ನಡೆದಿತ್ತು ಅಂತ ಗೊತ್ತಿರಲಿಲ್ಲ, ಅಷ್ಟೇ.

ಕ್ಯಾರೆಲ್ ಕೊನೆಯ ವರ್ಷಗಳು ಹೀಗಿದ್ದವು: 65 ತುಂಬಿದಾಗ ರಾಕ್‌ಫೆಲ್ಲರ್ ಸಂಸ್ಥೆ ಅವರನ್ನು ನಿವೃತ್ತಿ ಮಾಡಿತು, ಅವರಿಗದು ಇಷ್ಟವಿರಲಿಲ್ಲ. ಎರಡನೇ ಮಹಾಯುದ್ಧದ ನಡುವೆ ಫ್ರಾನ್ಸಿಗೆ ಮರಳಿ, ಜರ್ಮನಿಗೆ ತಲೆಬಾಗಿದ ವಿಶಿ ಸರ್ಕಾರದ ಹಣದಲ್ಲಿ 1941ರಲ್ಲಿ ಒಂದು ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಅವರನ್ನು ಹುದ್ದೆಯಿಂದ ತೆಗೆದರು, ಶತ್ರುವಿಗೆ ನೆರವಾದ ಆರೋಪ ಬಂತು. ವಿಚಾರಣೆಗೆ ಮೊದಲೇ ನವೆಂಬರ್ 5ರಂದು ಹೃದಯ ಕೈಕೊಟ್ಟು ತೀರಿಕೊಂಡರು. ಬ್ರಿಟನಿ ಕರಾವಳಿಯ ಒಂದು ಪುಟ್ಟ ದ್ವೀಪದಲ್ಲಿ ಅವರ ಸಮಾಧಿ ಇದೆ. ಲಿಯೋನ್‌ನ ವೈದ್ಯಕೀಯ ಕಾಲೇಜಿಗೆ ಇಟ್ಟಿದ್ದ ಅವರ ಹೆಸರನ್ನು 1996ರಲ್ಲಿ ಅಳಿಸಿದರು.

ಅವರು ಸತ್ತು ಹತ್ತು ವರ್ಷಕ್ಕೆ, 1954ರ ಡಿಸೆಂಬರ್ 23ರಂದು, ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಕಿಡ್ನಿ ಕಸಿ ಮಾಡಿದರು. ಅವಳಿಗಳಾದ್ದರಿಂದ ದೇಹ ಅದನ್ನು ಪರಕೀಯ ಅನ್ನಲಿಲ್ಲ. ಮರ್ರೆ ಅದಕ್ಕೂ ಮೊದಲು ನಾಯಿಗಳಲ್ಲಿ ಅಭ್ಯಾಸ ಮಾಡಿ, ಕಿಡ್ನಿಯನ್ನು ಹೊಟ್ಟೆಯ ಕೆಳಭಾಗದಲ್ಲಿಟ್ಟು ಯೂರೆಟರನ್ನು ನೇರ ಮೂತ್ರಕೋಶಕ್ಕೆ ಸೇರಿಸುವುದನ್ನು ಗಟ್ಟಿ ಮಾಡಿಕೊಂಡಿದ್ದರು. ಅದಕ್ಕೆ ಸ್ವಲ್ಪ ಮೊದಲು ಅದೇ ಬೋಸ್ಟನ್‌ನಲ್ಲಿ ಡೇವಿಡ್ ಹ್ಯೂಮ್ ರೋಗಿಗಳ ತೊಡೆಯಲ್ಲಿ ಕಿಡ್ನಿ ಇಟ್ಟು ಯೂರೆಟರನ್ನು ಚರ್ಮದಿಂದ ಹೊರಗೆ ಬಿಟ್ಟಿದ್ದರು, ಉಲ್ಮನ್ ನಾಯಿಯ ಹಾಗೇ.

ಈಗ ಹೇಗೆ ಮಾಡುತ್ತಾರೆ? ಯೂರೆಟರ್ ತುದಿಯನ್ನು ಓರೆಯಾಗಿ ಸೀಳಿ ಬಾಯಿ ಅಗಲ ಮಾಡುತ್ತಾರೆ. ಮೂತ್ರಕೋಶದ ಹೊರಗಿನ ಸ್ನಾಯುವನ್ನು ಬಿಡಿಸಿ, ಒಳಪೊರೆಗೆ ಸಣ್ಣ ರಂಧ್ರ ಮಾಡಿ, ಪೊರೆಗೆ ಪೊರೆ ತಾಗಿಸಿ ಹೊಲಿದು, ಸ್ನಾಯುವನ್ನು ಮೇಲೆ ಮುಚ್ಚುತ್ತಾರೆ. ಮೂತ್ರಕೋಶ ತುಂಬಿದಾಗ ಆ ಸುರಂಗವೇ ಪೈಪನ್ನು ಒತ್ತಿ ಹಿಡಿದು ಹಿಮ್ಮುಖ ಹರಿವನ್ನು ತಡೆಯುತ್ತೆ. ಇದಕ್ಕೆ ಲಿಚ್ ಮತ್ತು ಗ್ರೆಗ್ವಾರ್ ಅನ್ನೋ ಇಬ್ಬರ ಹೆಸರಿದೆ, 1960ರ ದಶಕದ್ದು. ಒಳಗೆ ಒಂದು ಮೆತ್ತನೆಯ ಸ್ಟೆಂಟ್ ಕೆಲವು ವಾರ ಇರುತ್ತೆ. ಅಮೆರಿಕದಲ್ಲಿ 1987ರಿಂದ ಸಾಕುಬೆಕ್ಕುಗಳಿಗೂ ಕಿಡ್ನಿ ಕಸಿ ಮಾಡುತ್ತಿದ್ದಾರೆ. ಬೆಕ್ಕಿನ ಯೂರೆಟರ್ ಒಳವ್ಯಾಸ ಅರ್ಧ ಮಿಲಿಮೀಟರ್‌ಗೂ ಕಡಿಮೆ, ಸೂಕ್ಷ್ಮದರ್ಶಕ ಇಟ್ಟುಕೊಂಡೇ ಹೊಲಿಯಬೇಕು.

ಹೊಲಿಗೆ ಇಷ್ಟು ಚೆನ್ನಾಗಿದ್ದರೂ ಯಾಕೆ ಸೋರುತ್ತೆ? ನಮಗೆ ಕೊನೆಗೆ ಸಿಕ್ಕ ಉತ್ತರ ಪೈಪಿನ ಉತ್ತರವಲ್ಲ. ಯೂರೆಟರ್ ಜೀವಂತ. ಸಹಜವಾಗಿ ಅದಕ್ಕೆ ದಾರಿಯುದ್ದಕ್ಕೂ ಅಕ್ಕಪಕ್ಕದಿಂದ ರಕ್ತ ಸಿಗುತ್ತೆ. ಕಸಿಗೆಂದು ಕಿತ್ತ ಮೇಲೆ ಉಳಿಯೋದು ಮೇಲಿನಿಂದ, ಕಿಡ್ನಿಯ ಧಮನಿಯ ಒಂದು ಸಣ್ಣ ಕವಲಿನಿಂದ ಬರುವ ರಕ್ತ ಮಾತ್ರ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ, ತುದಿ ಒಣಗುತ್ತೆ. ಅದಕ್ಕೇ ಸರ್ಜನ್‌ಗಳು ಯೂರೆಟರನ್ನು ಆದಷ್ಟು ಗಿಡ್ಡ ಇಡುತ್ತಾರೆ, ಕಿಡ್ನಿಯ ಕೆಳತುದಿಗೂ ಯೂರೆಟರಿಗೂ ನಡುವಿನ ಕೊಬ್ಬನ್ನು ಕೆರೆಯದೆ ಬಿಡುತ್ತಾರೆ, ಆ ಸಣ್ಣ ಕವಲು ಇರೋದು ಅದರಲ್ಲೇ. ಚಿಕ್ಕಮ್ಮನ ಎರಡನೇ ಆಪರೇಷನ್‌ನಲ್ಲೂ ಒಣಗಿದ ತುದಿಯನ್ನು ಕತ್ತರಿಸಿ, ರಕ್ತ ಕಾಣುವವರೆಗೆ ಮೇಲೆ ಹೋಗಿ, ಮತ್ತೆ ಜೋಡಿಸಿದರಂತೆ.

ಡಿಸೆಂಬರ್‌ನಲ್ಲಿ ಒಂದು ರಾತ್ರಿ ಸ್ನೋಫ್ಲೇಕ್ ಲೇನ್ ದೀಪಗಳನ್ನು ನೋಡಿಕೊಂಡು ಮನೆಗೆ ಬರುವಷ್ಟರಲ್ಲಿ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಿಗ್ಗೆ ಹನ್ನೊಂದು. ಸ್ಟೆಂಟ್ ತೆಗೆದಾಗಿತ್ತು, ಕ್ರಿಯಾಟಿನಿನ್ 1.1. ಅಕ್ಕ ತಂಗಿ ಇಬ್ಬರೂ ಒಂದೇ ಮಂಚದ ಮೇಲೆ ಕೂತಿದ್ದರು. ಅಮ್ಮ ಮಡಿಲಲ್ಲಿ ಅರ್ಧ ಮುಗಿದ ಕಸೂತಿ ಇಟ್ಟುಕೊಂಡಿದ್ದರು, ನಾವು ಕೇಳಿದ್ದಕ್ಕೆ ತಿರುಗಿಸಿ ಹಿಂಬದಿಯನ್ನೂ ತೋರಿಸಿದರು.